ಪ್ರವಾಸ ಪ್ರಶ್ನೋತ್ತರ: ಜೆಜುವಿನಲ್ಲಿ ಮೂರೇ ದಿನ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ದಕ್ಷಿಣ ಕೊರಿಯಾದ ಜೆಜು ದ್ವೀಪಕ್ಕೆ ಹೊರಟಿದ್ದೇನೆ. ಮೂರೇ ದಿನ. ಹಲ್ಲಾಸಾನ್ ಶಿಖರ, ಸೊಂಗ್‌ಸಾನ್, ಊದೊ ಎಂಬ ಪುಟ್ಟ ದ್ವೀಪ, ಜಲಪಾತ, ಪಶ್ಚಿಮದ ಚಹಾ ತೋಟ ಎಲ್ಲವೂ ಪಟ್ಟಿಯಲ್ಲಿವೆ. ಅಮ್ಮನಿಗೆ 68 ವರ್ಷ, ಮಂಡಿನೋವು. ನನಗೆ ಕಾರು ಓಡಿಸಲು ಬಾರದು. ಹೇಗೆ ಹೊಂದಿಸಲಿ?

ಉತ್ತರ: ಹೊಂದಿಸಬೇಡಿ, ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ. ನಕ್ಷೆಯಲ್ಲಿ ಅಂಗೈಯಷ್ಟು ಕಾಣುವ ಜೆಜು ಪೂರ್ವದಿಂದ ಪಶ್ಚಿಮಕ್ಕೆ 73 ಕಿಲೋಮೀಟರ್ ಉದ್ದವಿದೆ. ರೈಲಿಲ್ಲ. ನಟ್ಟನಡುವೆ 1,947 ಮೀಟರ್ ಎತ್ತರದ ಹಲ್ಲಾಸಾನ್ ಕುಳಿತಿದೆ. ಮೊದಲ ಸಲ ನಾನೂ ದ್ವೀಪ ಸುತ್ತುವ ಹುಮ್ಮಸ್ಸಿನಲ್ಲಿ ಹೊರಟು, ಬಸ್ಸಿನ ಕಿಟಕಿಯನ್ನೇ ಹೆಚ್ಚು ನೋಡಿ ಬಂದೆ.

ಶಿಖರವನ್ನೂ ಪಶ್ಚಿಮವನ್ನೂ ಬಿಡಿ. ಎರಡು ರಾತ್ರಿ ಪೂರ್ವ ತುದಿಯ ಊರಾದ ಸೊಂಗ್‌ಸಾನ್‌ನಲ್ಲೇ ಉಳಿಯಿರಿ. ಸಮುದ್ರದಲ್ಲಿ ಜ್ವಾಲಾಮುಖಿ ಸಿಡಿದು ಎದ್ದ 182 ಮೀಟರಿನ ಅಲ್ಲಿನ ಗುಡ್ಡಕ್ಕೆ ನೀವು ಬೆಳಗಿನ ಜಾವ ಹತ್ತಿ ಬನ್ನಿ. ಮೇಲೆ ಹಸಿರು ಬೋಗುಣಿಯಂಥ ಕುಳಿ, ಅದರ ಅಂಚಿನಾಚೆ ಸೂರ್ಯ. ಅಮ್ಮ ಮೆಟ್ಟಿಲು ಹತ್ತಬೇಕಿಲ್ಲ. ಬುಡದಲ್ಲಿ ಎಡಕ್ಕೆ ತಿರುಗಿದರೆ ಹುಲ್ಲುಗಾವಲಿನ ಅಂಚಿಗೆ ಟಿಕೆಟ್ ಇಲ್ಲದ ದಾರಿಯಿದೆ, ಬಂಡೆಯ ಗೋಡೆ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಎರಡನೆಯ ದಿನ ಊದೊ. ದೋಣಿಯಲ್ಲಿ ಹದಿನೈದು ನಿಮಿಷ; ಪಾಸ್‌ಪೋರ್ಟ್ ಕೋಣೆಯಲ್ಲಿ ಮರೆಯಬೇಡಿ. ಅಲ್ಲಿನ ಒಂದು ಬಿಳಿ ತೀರವನ್ನು ಬಗ್ಗಿ ನೋಡಿ: ಅದು ಮರಳಲ್ಲ, ಕೆಂಪು ಪಾಚಿ ಸುಣ್ಣಗಟ್ಟಿ ಆದ ಪುಟ್ಟ ಉಂಡೆಗಳು, ಹೆಚ್ಚುಕಡಿಮೆ ಸಾಬಕ್ಕಿ. ಒಂದನ್ನೂ ಜೇಬಿಗೆ ಹಾಕುವಂತಿಲ್ಲ, ಕಾನೂನಿದೆ. ಹಿಂದಿರುಗುವ ಕೊನೆಯ ದೋಣಿಯ ಸಮಯ ಇಳಿದ ತಕ್ಷಣ ಕೇಳಿಕೊಳ್ಳಿ.

ಮೂರನೆಯ ದಿನ 201ನೇ ಸಂಖ್ಯೆಯ ಬಸ್ಸಿನಲ್ಲಿ ದಕ್ಷಿಣದ ಸೊಗ್ವಿಪೊಗೆ. ಇಲ್ಲಿ ಎಚ್ಚರ! ಚೊಂಜಿಯೊನ್, ಚೊಂಜೆಯೊನ್ ಎಂದು ಎರಡು ಜಲಪಾತಗಳಿವೆ. ನಿಮಗೆ ಬೇಕಾದದ್ದು 'ಜಿ'; 22 ಮೀಟರಿನ ಧಾರೆಯವರೆಗೂ ತೊರೆಯ ಪಕ್ಕ ಸಮತಟ್ಟಾದ ದಾರಿ. 'ಜೆ' ಇರುವುದು ಬೇರೆ ಕಡೆ, ಜುಂಗ್‌ಮುನ್‌ನಲ್ಲಿ, ಅಲ್ಲಿ ಮೆಟ್ಟಿಲೋ ಮೆಟ್ಟಿಲು. ಒಂದಕ್ಷರ ತಪ್ಪಿ ನಾನು ಆ ಮೆಟ್ಟಿಲುಗಳನ್ನೆಲ್ಲ ಇಳಿದು ಹತ್ತಿದ್ದೇನೆ.

ಬಸ್ಸಿಗೆ ಹಣ ಕಟ್ಟುವ ಟಿ-ಮನಿ ಕಾರ್ಡನ್ನು ಬಸ್ ಇಳಿಯುವಾಗಲೂ ಮುಟ್ಟಿಸಿ. ಕೊಡೆ ಬೇಡ, ಆ ಗಾಳಿಗೆ ಅದು ನಿಲ್ಲುವುದಿಲ್ಲ. ಟೋಪಿಯಿರುವ ಜಾಕೆಟ್ ಒಯ್ಯಿರಿ.

ಪ್ರಶ್ನೆ: ಜೆಜುವಿನಲ್ಲಿ ಸಸ್ಯಾಹಾರಿಗಳ ಗತಿ?

ಉತ್ತರ: ಕಷ್ಟ. ಸಾರಿನಲ್ಲಿ ಒಣಮೀನು, ಕಿಮ್ಚಿ ಎಂಬ ಹುಳಿಸಿದ ತರಕಾರಿಯಲ್ಲಿ ಸಾಮಾನ್ಯವಾಗಿ ಮೀನಿನ ರಸ ಅಥವಾ ಉಪ್ಪುಸಿಗಡಿ. ತರಕಾರಿ ಹಾಕಿ ಕಲಸುವ ಬಿಬಿಂಬಾಪ್ ಅನ್ನವನ್ನು ಮಾಂಸ, ಮೊಟ್ಟೆ ಬೇಡವೆಂದು ಕೇಳಿ ಪಡೆಯಬಹುದು. ಅದನ್ನು ಕೊರಿಯನ್ ಲಿಪಿಯಲ್ಲಿ ಚೀಟಿ ಬರೆಸಿಟ್ಟುಕೊಳ್ಳಿ. ಕಿತ್ತಳೆ ಮಾತ್ರ ಹೊಟ್ಟೆ ತುಂಬ ತಿನ್ನಿ, ಊದೊದಲ್ಲಿ ಕಡಲೆಕಾಯಿ ಐಸ್‌ಕ್ರೀಂ.

ಪ್ರಶ್ನೆ: ಸಮುದ್ರದಲ್ಲಿ ಮುಳುಗು ಹಾಕುವ ಅಜ್ಜಿಯರನ್ನು ಎಲ್ಲಿ ನೋಡಬಹುದು?

ಉತ್ತರ: ಹೆನ್ಯೊ ಎನ್ನುತ್ತಾರೆ ಅವರನ್ನು. ಆಮ್ಲಜನಕದ ಸಿಲಿಂಡರ್ ಇಲ್ಲದೆ ಮುಳುಗಿ ಶಂಖದ ಹುಳು, ಅಬಲೋನ್ ಎಂಬ ಚಿಪ್ಪುಜೀವಿ ಕಿತ್ತು ತರುವ ಹೆಂಗಸರು. ಬಹುಪಾಲು ಅರವತ್ತು ದಾಟಿದವರು. ಯುನೆಸ್ಕೊ 2016ರಲ್ಲಿ ಈ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರಿಗೆಂದೇ ನಡೆಸುವ ಪ್ರದರ್ಶನಕ್ಕಿಂತ ಹಾದೊ ಊರಿನ ಕಡೆಯ ಕರಿಕಲ್ಲಿನ ದಂಡೆ ನನಗೆ ಇಷ್ಟ. ಹತ್ತಿರದಲ್ಲೇ ಅವರ ವಸ್ತುಸಂಗ್ರಹಾಲಯವೂ ಇದೆ. ಆ ದಂಡೆಯಲ್ಲಿ ಕುಳಿತಿದ್ದಾಗ ನೀರಿನ ಮೇಲಿಂದ ಸಣ್ಣ ಸಿಳ್ಳೆ ಕೇಳಿತು. ಯಾವುದೋ ಹಕ್ಕಿ ಎಂದುಕೊಂಡೆ. ಹುಡುಕಿದರೆ ಕಿತ್ತಳೆ ಬಣ್ಣದ ತೇಲುಬುರುಡೆ, ಅದನ್ನು ತಬ್ಬಿದ ಎರಡು ಕೈ. ಮೇಲೆ ಬಂದೊಡನೆ ಹಿಡಿದಿಟ್ಟ ಉಸಿರು ಬಿಡುವ ಸದ್ದು ಅದು, ಸುಂಬಿಸೊರಿ. ಇನ್ನೊಂದು ಕೇಳಿಸೀತೆಂದು ಕಾದೆ. ಅಷ್ಟರಲ್ಲಿ ಕೈಗಳು ಮತ್ತೆ ಮಾಯ, ಬುರುಡೆಯೊಂದೇ ಅಲೆಯಲ್ಲಿ ಕುಣಿಯುತ್ತಿತ್ತು.