1969ರ ಕಮಾರೋಗೆ ಯಾವ ಹೆಡರ್: 1⅝ ಇಂಚಿನದೋ, 1⅞ ಇಂಚಿನದೋ?

ನಿಮ್ಮ ಷೆವರ್ಲೆ ಕಮಾರೋದ ಎಂಜಿನ್ 350 ಸ್ಮಾಲ್ ಬ್ಲಾಕ್ (350 ಘನ ಇಂಚಿನ V8), ಕ್ಯಾಮ್‌ಷಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಕಾರಿನೊಂದಿಗೆ ಬಂದದ್ದೇ, ವರ್ಷಕ್ಕೆರಡು ಸಲ ಡ್ರ್ಯಾಗ್ ಸ್ಟ್ರಿಪ್ (ಕಾಲು ಮೈಲಿಯ ನೇರ ಓಟದ ಪಂದ್ಯದ ದಾರಿ), ಉಳಿದಂತೆ ರಸ್ತೆ ಎಂದು ಬರೆದಿದ್ದೀರಿ. ಹಾಗಿದ್ದರೆ ಹೆಡರ್, ಅಂದರೆ ಪ್ರತಿ ಸಿಲಿಂಡರಿನ ಹೊಗೆಗೂ ಬೇರೆ ಪೈಪಿರುವ ಜೋಡಣೆ, ಪೈಪಿನ ವ್ಯಾಸ 1⅝ ಇಂಚಿನದನ್ನೇ ಕೊಳ್ಳಿ. ಓಹಾಯೋದಲ್ಲಿ ಇಂಥದ್ದೇ ಕಾರನ್ನು ಹನ್ನೊಂದು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ನಾನೂ ಮೊದಲು ದಪ್ಪ ಪೈಪನ್ನೇ ಹಾಕಿಸಿದ್ದೆ. ಸಿಗ್ನಲ್ ಬಿಟ್ಟು ಹೊರಡುವಾಗ ಕಾರು ಮೊದಲಿಗಿಂತ ಮಂಕಾಗಿತ್ತು. ಒಂದೇ ಬೇಸಿಗೆಯಲ್ಲಿ ಬಿಚ್ಚಿಸಿದೆ.

ಇಲ್ಲಿ ಪೈಪಿನ ಗಾತ್ರಕ್ಕಿಂತ ಹೊಗೆಯ ವೇಗ ಮುಖ್ಯ. ಎಕ್ಸಾಸ್ಟ್ ವಾಲ್ವ್ ತೆರೆದೊಡನೆ ಹೊಗೆ ಬಿರುಸಾಗಿ ನುಗ್ಗಿ, ತನ್ನ ಹಿಂದೆ ಕಡಿಮೆ ಒತ್ತಡ ಬಿಟ್ಟುಹೋಗುತ್ತದೆ. ಎರಡೂ ವಾಲ್ವ್‌ಗಳು ತುಸು ತೆರೆದಿರುವ ಗಳಿಗೆಯಲ್ಲಿ ಆ ಸೆಳೆತವೇ ಅಳಿದುಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿ, ಪೆಟ್ರೋಲನ್ನು ಒಳಕ್ಕೆ ತರುತ್ತದೆ. ಒಲೆಯ ಊದುಗೊಳವೆಯನ್ನು ನೆನೆಸಿಕೊಳ್ಳಿ: ಬಾಯಿ ಅಗಲವಾದರೆ ಕೆಂಡ ಏಳುವುದಿಲ್ಲ.

ಒಂದು ಸಾಲಿನ ಸಿಲಿಂಡರ್‌ಗಳ ಹೊಗೆಯೆಲ್ಲ ಒಟ್ಟಿಗೆ ಸೇರುವ, ಬೀಡು ಕಬ್ಬಿಣದ ಹಳೆಯ ಮ್ಯಾನಿಫೋಲ್ಡ್‌ಗಿಂತ ಹೆಡರ್ ಏಕೆ ಮೇಲು ಎನ್ನುವುದಕ್ಕೆ ಈ ಎಂಜಿನ್ನಿನ ಉರಿಯುವ ಸರದಿಯನ್ನೇ ನೋಡಿ: 1-8-4-3-6-5-7-2. ಐದನೆಯ ಮತ್ತು ಏಳನೆಯ ಸಿಲಿಂಡರ್‌ಗಳು ಎಡಗಡೆಯ ಸಾಲಿನಲ್ಲಿ ಅಕ್ಕಪಕ್ಕದವು, ಎಂಜಿನ್ನಿನ ಕ್ರ್ಯಾಂಕ್ ದಂಡ ಕೇವಲ 90 ಡಿಗ್ರಿ ತಿರುಗುವಷ್ಟರ ಅಂತರದಲ್ಲಿ ಒಂದರ ಹಿಂದೊಂದು ಉರಿಯುತ್ತವೆ. ಗಿಡ್ಡ ಮ್ಯಾನಿಫೋಲ್ಡ್‌ನಲ್ಲಿ ಏಳರ ಹೊಗೆ ಐದರ ದಾರಿಗೆ ಅಡ್ಡ ಬರುತ್ತದೆ. ಉದ್ದ ಪೈಪಿನ ಹೆಡರ್ ಪೈಪುಗಳೆಲ್ಲ ಕೂಡುವ ಕಲೆಕ್ಟರ್‌ವರೆಗೆ ಇವೆರಡನ್ನೂ ದೂರವಿಡುತ್ತದೆ.

ಸ್ಟ್ರಿಪ್‌ನಲ್ಲಿ ಕಂಡದ್ದೆಲ್ಲ ರಸ್ತೆಗೆ ಒಗ್ಗುವುದಿಲ್ಲ. 1962ರ ಪಾಂಟಿಯಾಕ್ ಕಂಪನಿಯ ಪಂದ್ಯದ ಎಂಜಿನ್ 421 ಸೂಪರ್ ಡ್ಯೂಟಿಗೆ ತೂಕ ಇಳಿಸಲು ಅಲ್ಯೂಮಿನಿಯಂ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೊಟ್ಟಿದ್ದರು. ಕಾಲು ಮೈಲಿಗೆ ಅದು ಸಾಕಾಗಿತ್ತು. ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿದರೆ ಕರಗುವ ಅಪಾಯವಿತ್ತು. ಇದನ್ನು ಓದಿದ ಮೇಲೆಯೇ ನನ್ನ ದಪ್ಪ ಪೈಪಿನ ಮೋಹ ಬಿಟ್ಟದ್ದು.

ಕೂರಿಸುವಾಗ ಆತುರ ಬೇಡ. ಫ್ಲ್ಯಾಂಜ್ (ಎಂಜಿನ್ನಿಗೆ ಬೋಲ್ಟ್ ಆಗುವ ಚಪ್ಪಟೆ ತಟ್ಟೆ) ದಪ್ಪವಾಗಿರಲಿ, ಅದರ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿ, ಎಲ್ಲಾದರೂ ಬೆಳಕು ತೂರಿದರೆ ಹಿಂದಿರುಗಿಸಿ. ಸ್ಪಾರ್ಕ್ ಪ್ಲಗ್ಗಿನ ವೈರ್‌ಗೂ ಪೈಪಿಗೂ ನಡುವೆ ಒಂದು ಬೆರಳು ಆಡುವಷ್ಟಾದರೂ ಜಾಗವಿರಬೇಕು. ನನ್ನ ಕಾರಿನಲ್ಲಿ ಅದು ಇರಲಿಲ್ಲ. ಏಳನೆಯ ಪ್ಲಗ್ಗಿನ ರಬ್ಬರ್ ಟೋಪಿ ಪೈಪಿಗೆ ಅಂಟಿ ಕರಕಲಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರಿತು. ಬಲಗಡೆ ಸ್ಟಾರ್ಟರ್ ಮೋಟಾರಿಗೆ ಶಾಖ ತಡೆಯುವ ಕವಚ ಹಾಕಿಸಿ, ಇಲ್ಲದಿದ್ದರೆ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತಬೇಡಿ. ತೇವ ಹಿಡಿದು ತುಕ್ಕು ತಿನ್ನುತ್ತದೆ. ಸೆರಾಮಿಕ್ ಲೇಪನಕ್ಕೆ ಕೊಟ್ಟ ಹಣ ದಂಡವಾಗುವುದಿಲ್ಲ.

ಮೊದಲ ಕೆಲವು ಓಟಗಳ ನಂತರ ಎಂಜಿನ್ ಪೂರ್ತಿ ಆರಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿಯಿರಿ. ಬೆಳಗಿನ ತಣ್ಣನೆಯ ಎಂಜಿನ್ನಿನಿಂದ ಟಿಕ್ ಟಿಕ್ ಸದ್ದು ಬಂದು, ಕಾದ ಮೇಲೆ ನಿಂತರೆ ಗ್ಯಾಸ್ಕೆಟ್ ಸೋರುತ್ತಿರಬಹುದು, ಮೊದಲು ಅಲ್ಲಿ ನೋಡಿ.

ನಿಮ್ಮದು ಕ್ಲಚ್ ಇರುವ ಕಾರೋ, ಆಟೋಮ್ಯಾಟಿಕ್ಕೋ ಬರೆಯಿರಿ. ಕ್ಲಚ್ ಇದ್ದರೆ ಎಡಗಡೆ ಅದರ ಲಿವರ್‌ಗೂ ಸ್ಟಿಯರಿಂಗ್ ಬಾಕ್ಸ್‌ಗೂ ನಡುವೆ ಪೈಪ್ ಹಾಯಬೇಕು. ಆ ಅಳತೆ ತೆಗೆಯದೆ ಆರ್ಡರ್ ಮಾಡಬೇಡಿ.