ನೀವು ಕೇಳಿದ್ದೀರಿ: ಮಕ್ಕಳ ಐಸ್ ಹಾಕಿಗೆ ಊರಿಗೆ ಊರೇ ಯಾಕೆ ಬರುತ್ತದೆ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ಸ್ಕೇಟಿಂಗ್ ಕ್ಲಾಸಿಗೆ ಹೋಗ್ತಾಳೆ. ಕೆನಡಾದ ಕ್ವಿಬೆಕ್ ಊರಿನ ಮಕ್ಕಳ ಐಸ್ ಹಾಕಿ ಟೂರ್ನಿಯ ವಿಡಿಯೋ ನೋಡಿದ್ವಿ. ಸ್ಟೇಡಿಯಂ ತುಂಬಾ ಜನ! ಇದು ಯಾವಾಗ ಶುರುವಾಯ್ತು, ಇಷ್ಟು ದೊಡ್ಡದಾಗಿದ್ದು ಹೇಗೆ?
– ಒಬ್ಬ ತಾಯಿ, ಜಯನಗರ

ಉತ್ತರ: ಅದರ ಪೂರ್ತಿ ಹೆಸರು ಕ್ವಿಬೆಕ್ ಅಂತರರಾಷ್ಟ್ರೀಯ ಪೀವೀ ಹಾಕಿ ಟೂರ್ನಿ. ಪೀವೀ ಅಂದರೆ ನಿಮ್ಮ ಮಗಳ ವಯಸ್ಸಿನವರೇ, 11–12ರ ಮಕ್ಕಳು. ಶುರುವಾಗಿದ್ದು 1960ರಲ್ಲಿ. ಪಾಲ್ ಡ್ಯೂಮಾಂಟ್, ಜೆರಾರ್ಡ್ ಬೋಲ್ಡಕ್ ಮತ್ತು ಅವರ ಗೆಳೆಯರು ಸೇರಿ ನಡೆಸಿದ್ದು. ಕ್ವಿಬೆಕ್‌ನಲ್ಲಿ ಫೆಬ್ರವರಿ ಅಂದರೆ ಚಳಿಗಾಲದ ಕಾರ್ನಿವಲ್, ಆ ಊರಿನ ದೊಡ್ಡ ಹಬ್ಬ. ಟೂರ್ನಿಯನ್ನೂ ಅದೇ ಹೊತ್ತಿಗೆ ಇಟ್ಟರು. ಹಬ್ಬಕ್ಕೆ ಹೇಗೂ ಹೊರಗೆ ಬಂದಿರುವ ಜನ ಮಕ್ಕಳ ಪಂದ್ಯಕ್ಕೂ ಬರ್ತಾರೆ ಅಲ್ವಾ?

ಇನ್ನೊಂದು ಕಾರಣ ಮೈದಾನ. ಮಕ್ಕಳ ಆಟ ತಾನೇ ಅಂತ ಮೂಲೆಯ ರಿಂಕ್‌ಗೆ, ಅಂದರೆ ಐಸ್ ಮೈದಾನಕ್ಕೆ, ಕಳಿಸಲಿಲ್ಲ. ವೃತ್ತಿಪರ ತಂಡ ಆಡುತ್ತಿದ್ದ ಕೊಲಿಸೆ ಸ್ಟೇಡಿಯಂನಲ್ಲೇ ಆಡಿಸಿದರು. ಹೊಸ ಸ್ಟೇಡಿಯಂ 2015ರಲ್ಲಿ ತೆರೆದ ಮೇಲೆ ಟೂರ್ನಿಯೂ ಅಲ್ಲಿಗೇ ಹೋಯಿತು, ಅದರಲ್ಲಿ 18,000ಕ್ಕೂ ಜಾಸ್ತಿ ಜನ ಕೂರಬಹುದು. ಹನ್ನೆರಡು ವರ್ಷದ ಹುಡುಗನಿಗೆ ಅಂಥ ಜಾಗದಲ್ಲಿ, ಅಷ್ಟು ಜನರ ಕೂಗಿನ ನಡುವೆ ಐಸ್ ಮೇಲೆ ಇಳಿಯುವುದು ಜನ್ಮಕ್ಕೆ ಸಾಕಾಗುವಷ್ಟು ನೆನಪು.

ಹೆಸರಾಂತ ಆಟಗಾರರ ಕತೆಗಳಂತೂ ಬೇಕಾದಷ್ಟಿವೆ. ಗೀ ಲಫ್ಲ್ಯೂರ್ 1962ರಿಂದ ಮೂರು ವರ್ಷ ಇಲ್ಲಿ ಆಡಿ ಗೋಲಿನ ಮಳೆ ಸುರಿಸಿದರು. 1974ರಲ್ಲಿ ಬಂದವರು ವೇಯ್ನ್ ಗ್ರೆಟ್ಸ್‌ಕಿ. ಟೆಕ್ಸಸ್‌ನ ರಿಚರ್ಡ್‌ಸನ್ ತಂಡದ ಮೇಲೆ ಅವರ ತಂಡ 25–0 ಗೆದ್ದಿತು, ಅದರಲ್ಲಿ ಏಳು ಗೋಲು ಅವರವೇ. ಆದರೆ ಟೂರ್ನಿ ಬೆಳೆದಿದ್ದು ಇಂಥ ಹುಡುಗರಿಂದ ಮಾತ್ರ ಅಂದರೆ ನಾನು ಒಪ್ಪಲ್ಲ. ಅಲ್ಲಿ ಆಡಿದವರಲ್ಲಿ ಬಹುಪಾಲು ಮಕ್ಕಳು ಮುಂದೆ ವೃತ್ತಿಪರ ಆಟಗಾರರಾಗಲೇ ಇಲ್ಲ. ಆದರೂ ಈಗ ನೂರಕ್ಕೂ ಜಾಸ್ತಿ ತಂಡಗಳು, ಬೇರೆ ಬೇರೆ ದೇಶಗಳಿಂದ, ವರ್ಷಾ ವರ್ಷ ಬರುತ್ತವೆ.

ಯಾಕೆ ಅಂದರೆ ಊರಿನವರು ಮನೆ ಬಾಗಿಲು ತೆಗೆದಿದ್ದಾರೆ. ದೂರದಿಂದ ಬಂದ ಎಷ್ಟೋ ಮಕ್ಕಳು ಉಳಿಯುವುದು ಕ್ವಿಬೆಕ್‌ನ ಕುಟುಂಬಗಳ ಜೊತೆ. ಭಾಷೆ ಬರಲ್ಲ, ಊಟ ಬೇರೆ, ಆದರೂ ಅದೇ ಮನೆಯವರು ಬೆಳಿಗ್ಗೆ ಎಬ್ಬಿಸಿ, ತಿನ್ನಿಸಿ, ಪಂದ್ಯಕ್ಕೆ ಕರೆದುಕೊಂಡು ಹೋಗಿ, ಗ್ಯಾಲರಿಯಲ್ಲಿ ನಿಂತು ಕೂಗ್ತಾರೆ. ಟಿಕೆಟ್ ನೋಡುವುದರಿಂದ ಹಿಡಿದು ಎಷ್ಟೋ ಕೆಲಸ ಸ್ವಯಂಸೇವಕರದ್ದೇ. 2023ರಲ್ಲಿ ಯುದ್ಧದಿಂದ ಮನೆ ಬಿಟ್ಟು ಚದುರಿ ಹೋಗಿದ್ದ ಯುಕ್ರೇನ್ ಮಕ್ಕಳ ತಂಡ ಬಂತು. ಅವರನ್ನೂ ಊರಿನ ಮನೆಗಳೇ ಇಟ್ಟುಕೊಂಡವು. ಬಾಸ್ಟನ್‌ನ ತಂಡದ ಮೇಲೆ ಮೊದಲ ಪಂದ್ಯವನ್ನು 3–1ರಲ್ಲಿ ಗೆದ್ದಾಗ ಇಡೀ ಸ್ಟೇಡಿಯಂ ಆ ಮಕ್ಕಳ ಪರ ನಿಂತಿತ್ತು. ಈ ಟೂರ್ನಿ ಬಗ್ಗೆ ನನಗೆ ತುಂಬಾ ಇಷ್ಟವಾದ ವಿಷಯ ಅದೇ.

ನಮ್ಮ ಕೊಡಗಿನ ಕೊಡವ ಕೌಟುಂಬಿಕ ಹಾಕಿ ನೋಡಿದವರಿಗೆ ಇದು ಹೊಸದಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಾಗಿತ್ತು. ಅಲ್ಲೂ ನಡೆಸುವವರು ಮನೆಯವರೇ.

ಪ್ರಶ್ನೆ: ಹೆಣ್ಣುಮಕ್ಕಳು ಅಲ್ಲಿ ಆಡ್ತಾರಾ? ಪೆಟ್ಟು ಜಾಸ್ತಿ ಬೀಳುತ್ತೆ ಅಂತಾರೆ.

ಉತ್ತರ: ಆಡ್ತಾರೆ. 1984ರಲ್ಲಿ ಮನೋನ್ ರಯೋಮ್ ಅನ್ನುವ ಹುಡುಗಿ ಹುಡುಗರ ತಂಡದ ಗೋಲ್‌ಕೀಪರ್ ಆಗಿ ಈ ಟೂರ್ನಿಯಲ್ಲಿ ಆಡಿದಳು. 1992ರಲ್ಲಿ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಪ್ರದರ್ಶನ ಪಂದ್ಯದಲ್ಲಿ ಆಡಿದ ಮೊದಲ ಮಹಿಳೆ ಆಕೆಯೇ. ಪೆಟ್ಟಿನ ಭಯ ಸುಮ್ನೆ ಅಲ್ಲ. ಅದಕ್ಕೇ ಈ ವಯಸ್ಸಿನ ಮಕ್ಕಳು ಮೈಯಿಂದ ಗುದ್ದಿ ತಡೆಯುವುದನ್ನು ಕೆನಡಾದ ಹಾಕಿ ಸಂಸ್ಥೆ 2013ರಲ್ಲಿ ನಿಷೇಧಿಸಿತು. ಹೆಲ್ಮೆಟ್, ಮುಖಕ್ಕೆ ಜಾಲರಿ, ಪ್ಯಾಡ್ ಎಲ್ಲ ಕಡ್ಡಾಯ.

ಪ್ರಶ್ನೆ: ಬೆಂಗಳೂರಲ್ಲಿದ್ದುಕೊಂಡು ಇವಳು ಏನು ಮಾಡಬಹುದು?

ಉತ್ತರ: ಮಾಲ್‌ಗಳ ಸ್ನೋ ಪಾರ್ಕ್ ನಂಬಬೇಡಿ, ಅದು ಮೋಜಿಗೆ ಅಷ್ಟೇ. ಕ್ವಿಬೆಕ್‌ನ ಪಂದ್ಯದ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ನಮ್ಮ ದೇಶದಲ್ಲಿ ಐಸ್ ಹಾಕಿಯ ಮನೆ ಲಡಾಖ್. ಚಳಿಗಾಲದಲ್ಲಿ ನೀರು ತಾನಾಗಿ ಹೆಪ್ಪುಗಟ್ಟಿದಾಗ ಆಡಿ ಕಲಿತ ಹುಡುಗಿಯರೇ ಜಾಸ್ತಿ ಇರುವ ನಮ್ಮ ಮಹಿಳಾ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಡೆಹ್ರಾಡೂನ್‌ನಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಒಳಾಂಗಣ ರಿಂಕ್ ಕೂಡ 2025ರಲ್ಲಿ ಮತ್ತೆ ತೆರೆದಿದೆ.

ಮಗಳು ನಾಲ್ಕು ಚಕ್ರ ಎರಡೆರಡಾಗಿರುವ ಸ್ಕೇಟ್ ಹಾಕ್ತಿದ್ದರೆ, ಒಂದೇ ಸಾಲಿನಲ್ಲಿ ಚಕ್ರ ಇರುವ ಇನ್‌ಲೈನ್‌ಗೆ ಬದಲಾಯಿಸಿ. ಐಸ್ ಸ್ಕೇಟಿಗೆ ಹತ್ತಿರ ಅದೇ. ಜೊತೆಗೆ ಕೋಲು ಹಿಡಿದು ಚೆಂಡು ತಳ್ಳುತ್ತಾ ತಲೆ ಎತ್ತಿ ಓಡುವುದನ್ನು ರೂಢಿ ಮಾಡಿಸಿ. ಐಸ್ ಮೇಲೆ ಹೊಸದಾಗಿ ಕಲಿಯಬೇಕಾಗುವುದು ಮುಖ್ಯವಾಗಿ ನಿಲ್ಲುವುದು, ಬ್ಲೇಡ್ ಅಡ್ಡ ತಿರುಗಿಸಿ ಜಾರುತ್ತಾ ನಿಲ್ಲಬೇಕು. ಬೇಸಿಗೆ ರಜೆಯಲ್ಲಿ ಒಂದು ವಾರ ಒಳಾಂಗಣ ರಿಂಕ್ ಇರುವ ಊರಿಗೆ ಕರೆದುಕೊಂಡು ಹೋಗಿ, ಬಾಡಿಗೆ ಸ್ಕೇಟ್ ಹಾಕಿಸಿ. ಅವಳಿಗೆ ಇಷ್ಟ ಆದರೆ ಮಾತ್ರ ಕಿಟ್‌ಗೆ ದುಡ್ಡು ಹಾಕಿ.