‘ನೀರ್ ದೋಸೆ’ಯಲ್ಲಿ ಜಗ್ಗೇಶ್ ಜೊತೆ ಇದ್ದ ಆ ಹಿರಿಯ ನಟ ಯಾರು? ಅವರ ಬೇರೆ ಯಾವ ಸಿನಿಮಾ ನೋಡಬೇಕು?

ಅವರು ದತ್ತಣ್ಣ. ಪೂರ್ತಿ ಹೆಸರು ಎಚ್.ಜಿ. ದತ್ತಾತ್ರೇಯ, ಚಿತ್ರದುರ್ಗದವರು, ಹುಟ್ಟಿದ್ದು 1942ರಲ್ಲಿ. ‘ಮಿಷನ್ ಮಂಗಲ್’ ಹಿಂದಿ ಸಿನಿಮಾದಲ್ಲಿ ಅದೇ ಮುಖ ನೋಡಿದ ಹಾಗಾಯಿತು ಎಂದು ಪ್ರಶ್ನೆಯ ಕೆಳಗೆ ಬರೆದಿದ್ದೀರಲ್ಲ, ನಿಮ್ಮ ಅನುಮಾನ ಸರಿ. ಅದೂ ಅವರೇ.

ಯಾವುದನ್ನು ನೋಡಬೇಕು ಅನ್ನುವುದಕ್ಕಿಂತ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಬಹುಪಾಲು ಪೋಷಕ ನಟರನ್ನು ನಾವು ಹರೆಯದಿಂದ ನೋಡಿರುತ್ತೇವೆ. ಮೊದಲು ನಾಯಕನ ಗೆಳೆಯ, ಆಮೇಲೆ ಅಣ್ಣ, ಆಮೇಲೆ ಅಪ್ಪ, ಕೊನೆಗೆ ತಾತ. ದತ್ತಣ್ಣನವರಿಗೆ ತೆರೆಯ ಮೇಲೆ ಹರೆಯವೇ ಇಲ್ಲ. ಅವರು ಕ್ಯಾಮೆರಾ ಮುಂದೆ ಬರುವ ಹೊತ್ತಿಗೆ ಐವತ್ತರ ಹತ್ತಿರ ಇದ್ದರು. ಹಾಗಾಗಿ ಮೂವತ್ತು ವರ್ಷಕ್ಕೂ ಮೀರಿದ ಅವರ ಚಿತ್ರಜೀವನವೆಲ್ಲ ವಯಸ್ಸಾದವರ ಪಾತ್ರಗಳೇ. ಆದರೂ ಒಬ್ಬ ಮುದುಕನಂತೆ ಇನ್ನೊಬ್ಬನಿಲ್ಲ. ನನಗೆ ಅವರಲ್ಲಿ ಇಷ್ಟವಾಗುವುದು ಇದು.

ಹಾಗಾದರೆ ಅಲ್ಲಿಯವರೆಗೆ ಏನು ಮಾಡುತ್ತಿದ್ದರು? ಇಂಜಿನಿಯರಿಂಗ್ ಓದಿ ಭಾರತೀಯ ವಾಯುಪಡೆಗೆ ಸೇರಿದವರು. ವಿಂಗ್ ಕಮಾಂಡರ್ ಆಗುವವರೆಗೆ ಅಲ್ಲಿ ದುಡಿದರು, ನಡುವೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಂಇ ಮಾಡಿದರು, ಆಮೇಲೆ ಎಚ್‌ಎಎಲ್‌ನಲ್ಲಿ ಅಧಿಕಾರಿಯಾಗಿದ್ದರು. ನಾಟಕದ ಹುಚ್ಚು ಮಾತ್ರ ಜೊತೆಗೇ ಇತ್ತು. ಹೊಟ್ಟೆಪಾಡಿಗೆ ಸಿನಿಮಾ ನೆಚ್ಚಿಕೊಂಡು ಬಂದವರಲ್ಲ ಅನ್ನುವುದು ಅವರ ಆಯ್ಕೆಗಳಲ್ಲೂ ಕಾಣುತ್ತದೆ ಅಂತ ನನ್ನ ಅನಿಸಿಕೆ. ದುಡ್ಡು ಕಡಿಮೆ, ಪಾತ್ರ ಗಟ್ಟಿ ಇರುವಂಥ ಸಿನಿಮಾಗಳಲ್ಲಿ ಅವರು ಮತ್ತೆ ಮತ್ತೆ ಸಿಗುತ್ತಾರೆ.

ನನ್ನ ವಯಸ್ಸಿನವರಿಗೆ ಅವರು ಮೊದಲು ಪರಿಚಯವಾದದ್ದು ಸಿನಿಮಾದಿಂದಲ್ಲ, ಟಿವಿಯಿಂದ. ತೊಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬರುತ್ತಿತ್ತು. ಈಗಿನ ಧಾರಾವಾಹಿಗಳಂತೆ ಮೂರು ಸಲ ಮುಖ ತಿರುಗಿಸಿ, ಮೂರು ಸಲ ಗುಡುಗು ಹೊಡೆಸುವ ಪದ್ಧತಿ ಅದರಲ್ಲಿ ಇರಲಿಲ್ಲ. ಜನ ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡುತ್ತಿದ್ದರು. ಅಂಥ ಕಡೆ ರಂಗಭೂಮಿಯಿಂದ ಬಂದವರಿಗೆ ಒಂದು ಕಷ್ಟ ಇರುತ್ತದೆ. ಕೊನೇ ಸಾಲಿನವರಿಗೂ ಕೇಳಲಿ ಅಂತ ದನಿ ಎತ್ತಿ ಅಭ್ಯಾಸವಾಗಿರುತ್ತದೆ, ಅದನ್ನು ನಡುಮನೆಯ ಮಟ್ಟಕ್ಕೆ ಇಳಿಸಬೇಕು. ದತ್ತಣ್ಣ ಅದನ್ನು ಇಳಿಸಿಕೊಂಡ ರೀತಿ ನೋಡುವಂಥದ್ದು. ಗಂಟಲು ಗಡಸೇ ಇದೆ, ಆದರೆ ಅದನ್ನು ತೋರಿಸಿಕೊಳ್ಳುವುದಿಲ್ಲ.

ಆ ಧಾರಾವಾಹಿಯ ನಿರ್ದೇಶನದಲ್ಲಿ ಸೀತಾರಾಮ್ ಅವರ ಜೊತೆಗಿದ್ದವರಲ್ಲಿ ಪಿ. ಶೇಷಾದ್ರಿ ಒಬ್ಬರು. ಮುಂದೆ ಶೇಷಾದ್ರಿ ತಮ್ಮ ಮೊದಲ ಸಿನಿಮಾ ಮಾಡಿದಾಗ ದತ್ತಣ್ಣ ಅದರಲ್ಲಿದ್ದರು. ಅದೇ 2000ದ ‘ಮುನ್ನುಡಿ’. ಬೊಳುವಾರು ಮಹಮದ್ ಕುಂಞಿ ಅವರ ಕಥೆ ಆಧರಿಸಿದ್ದು. ಕರಾವಳಿಗೆ ಬಂದ ಅರಬ್ ವ್ಯಾಪಾರಿಗಳು ಊರಿನ ಹೆಣ್ಣುಮಕ್ಕಳನ್ನು ಮದುವೆಯಾಗಿ, ವ್ಯಾಪಾರದ ಕಾಲ ಮುಗಿದ ಮೇಲೆ ಬಿಟ್ಟು ಹೋಗುವುದು ಅದರ ವಸ್ತು. ತಾರಾ ಅವರ ಎದುರು ದತ್ತಣ್ಣ ಹಸನಬ್ಬನ ಪಾತ್ರ ಮಾಡಿದ್ದಾರೆ. ದುರ್ಗದ ಮನುಷ್ಯ ಕಡಲತೀರದ ಮುಸ್ಲಿಂ ಹಿರಿಯನಾಗಿ ಬರುವುದು ಸುಲಭದ ಮಾತಲ್ಲ. ಗಡ್ಡ, ಟೋಪಿ ಹಾಕಿಸಿ ಕೈ ತೊಳೆದುಕೊಳ್ಳುವುದು ನಮ್ಮ ಸಿನಿಮಾಗಳ ವಾಡಿಕೆ. ಇಲ್ಲಿ ವೇಷಕ್ಕಿಂತ ನಡಿಗೆ, ಮಾತಿನ ನಡುವಿನ ನಿಲುಗಡೆ ಇವೇ ಕೆಲಸ ಮಾಡುತ್ತವೆ. ಈ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ಆ ವರ್ಷ ಅತ್ಯುತ್ತಮ ನಟ ಪ್ರಶಸ್ತಿ ಹೋದದ್ದು ‘ಪುಕಾರ್’ ಚಿತ್ರದ ಅನಿಲ್ ಕಪೂರ್‌ಗೆ. ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಇವರದನ್ನು ನಮ್ಮಲ್ಲೇ ಎಷ್ಟೋ ಜನ ಇವತ್ತಿಗೂ ‘ಆ ಸೀರಿಯಲ್ ತಾತ’ ಅಂತಲೇ ಕರೆಯುತ್ತಾರೆ.

ಶೇಷಾದ್ರಿ ಅವರದೇ ‘ಭಾರತ್ ಸ್ಟೋರ್ಸ್’ (2012) ನನ್ನ ಮಟ್ಟಿಗೆ ದತ್ತಣ್ಣನವರ ದೊಡ್ಡ ಕೆಲಸ. ಗೋವಿಂದ ಶೆಟ್ಟಿ ಅನ್ನುವ ದಿನಸಿ ಅಂಗಡಿಯವರ ಪಾತ್ರ. ಬಡಾವಣೆಗೆ ದೊಡ್ಡ ದೊಡ್ಡ ಮಳಿಗೆಗಳು ಬಂದು ಅಂಗಡಿ ಸೊರಗುತ್ತಾ ಹೋಗುವ ಕಥೆ. ಆಗ ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳ ಬಿಡಬೇಕೋ ಬೇಡವೋ ಅಂತ ದೇಶವೆಲ್ಲ ಕಿತ್ತಾಡುತ್ತಿತ್ತು. ಸಿನಿಮಾ ಕೆಲವು ಕಡೆ ಆ ವಾದವನ್ನು ತೀರಾ ಬಾಯಿಬಿಟ್ಟು ಹೇಳಿಬಿಡುತ್ತದೆ, ಅದು ನನಗೆ ಹಿಡಿಸಲಿಲ್ಲ. ಆದರೆ ಶೆಟ್ಟರು ತೆರೆಯ ಮೇಲೆ ಇರುವಷ್ಟು ಹೊತ್ತು ಭಾಷಣ ಅನ್ನಿಸುವುದಿಲ್ಲ. ನಲವತ್ತು ವರ್ಷ ಅದೇ ಗಲ್ಲಾದ ಹಿಂದೆ ಕೂತವರ ಹಾಗೆ ಗಿರಾಕಿಯನ್ನು ಮಾತಾಡಿಸುತ್ತಾರೆ. ವ್ಯಾಪಾರಿಯ ಲೆಕ್ಕಾಚಾರವೂ ಇದೆ, ಊರಿನವರ ಕಷ್ಟಸುಖದ ನೆನಪೂ ಇದೆ. ದೇವರಂಥ ಶೆಟ್ಟಿ ಅಂತ ಮಾಡಿಬಿಟ್ಟಿದ್ದರೆ ಪಾತ್ರ ಸತ್ತೇ ಹೋಗುತ್ತಿತ್ತು. ಇದಕ್ಕೂ ರಾಷ್ಟ್ರಪ್ರಶಸ್ತಿ ಸಮಿತಿ ಅವರನ್ನು ವಿಶೇಷವಾಗಿ ಉಲ್ಲೇಖಿಸಿತು.

ಈಗ ನಿಮ್ಮ ‘ನೀರ್ ದೋಸೆ’ಗೆ ಬರೋಣ (2016, ನಿರ್ದೇಶನ ವಿಜಯಪ್ರಸಾದ್). ಎರಡೆರಡು ಅರ್ಥದ ಮಾತುಗಳ ಸಿನಿಮಾ. ರಾಷ್ಟ್ರಪ್ರಶಸ್ತಿ ಪಡೆದವರಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ಮೂಗು ಮುರಿದವರು ನಮ್ಮ ಮನೆಯಲ್ಲೇ ಇದ್ದರು. ನನಗೆ ಹಾಗನ್ನಿಸಲಿಲ್ಲ. ಪೋಲಿ ಮಾತನ್ನು ಕಣ್ಣು ಮಿಟುಕಿಸಿ ಹೇಳಿದರೆ ಅಸಹ್ಯವಾಗುತ್ತದೆ. ಇವರು ಕಚೇರಿಯ ಸುತ್ತೋಲೆ ಓದುವ ಹಾಗೆ ಮುಖ ಬಿಗಿದುಕೊಂಡು ಹೇಳುತ್ತಾರೆ, ನಗು ನಮ್ಮ ಕಡೆಯಿಂದ ಬರುತ್ತದೆ. ಎದುರಿಗೆ ಜಗ್ಗೇಶ್! ಅವರಂಥ ಟೈಮಿಂಗ್ ಇರುವವರ ಪಕ್ಕ ನಿಂತು ಕಳೆದುಹೋಗದೆ ಇರುವುದೇ ಒಂದು ಸಾಧನೆ. ಜೊತೆಗೆ ಎಪ್ಪತ್ತು ದಾಟಿದವರಿಗೂ ಆಸೆ, ಒಂಟಿತನ, ಚೇಷ್ಟೆ ಎಲ್ಲ ಇರುತ್ತದೆ ಅಂತ ಒಪ್ಪಿಕೊಂಡ ಕನ್ನಡ ಸಿನಿಮಾ ಎಷ್ಟಿವೆ ಹೇಳಿ?

ಅದಾಗಿ ಮೂರು ವರ್ಷಕ್ಕೆ ‘ಮಿಷನ್ ಮಂಗಲ್’. ಅಕ್ಷಯ್ ಕುಮಾರ್, ವಿದ್ಯಾ ಬಾಲನ್ ಇರುವ ತಂಡದಲ್ಲಿ ಇಸ್ರೋದ ಹಿರಿಯ ಇಂಜಿನಿಯರ್ ಅನಂತ ಅಯ್ಯಂಗಾರ್ ಇವರು. ನಿರ್ದೇಶಕ ಜಗನ್ ಶಕ್ತಿ ಬೆಂಗಳೂರಿನವರೇ. ವಾಯುಪಡೆ, ಎಚ್‌ಎಎಲ್ ಎರಡನ್ನೂ ಕಂಡವರನ್ನು ಹುಡುಕಿ ಈ ಪಾತ್ರಕ್ಕೆ ಹಾಕಿದ್ದು ಗೊತ್ತಿದ್ದು ಮಾಡಿದ್ದೋ ಏನೋ, ಆ ಇಡೀ ತಂಡದಲ್ಲಿ ನಿಜವಾಗಿ ಇಂಜಿನಿಯರ್ ಅನ್ನಿಸುವವರು ಇವರೊಬ್ಬರೇ. ಆದರೆ ಪಾತ್ರ ಚಿಕ್ಕದು, ಹೆಚ್ಚಿಗೆ ನಿರೀಕ್ಷಿಸಬೇಡಿ.

ಇವುಗಳ ನಡುವೆ ದುಡ್ಡಿನ ಸಿನಿಮಾಗಳಲ್ಲಿ ಮಾಡಿದ ಅಪ್ಪ, ತಾತ, ಮೇಷ್ಟ್ರ ಪಾತ್ರಗಳು ಬೇಕಾದಷ್ಟಿವೆ. ಎರಡು ಸೀನಿಗೆ ಕರೆದು ಕಳಿಸಿದಂಥವು. ಅವನ್ನೆಲ್ಲ ಹುಡುಕಿ ನೋಡುವ ಅಗತ್ಯ ಇಲ್ಲ.

ನೀವು ಮೊದಲು ‘ಭಾರತ್ ಸ್ಟೋರ್ಸ್’ ನೋಡಿ. ‘ನೀರ್ ದೋಸೆ’ ನೋಡಿದ ಗುಂಗಿನಲ್ಲೇ ನೋಡಿದರೆ ಇನ್ನೂ ಒಳ್ಳೆಯದು, ಒಬ್ಬರೇ ಮನುಷ್ಯ ಅಂತ ನಂಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ‘ಮುನ್ನುಡಿ’. ತಾಳ್ಮೆ ಇದ್ದರೆ ಅನಂತಮೂರ್ತಿ ಅವರ ಕಥೆ ಆಧರಿಸಿದ ‘ಮೌನಿ’ಯನ್ನೂ ನೋಡಿ, ಅಲ್ಲಿ ಅನಂತನಾಗ್ ಜೊತೆಗಿದ್ದಾರೆ. ಇವರ ಅಣ್ಣ ಎಚ್.ಜಿ. ಸೋಮಶೇಖರ ರಾವ್ ಕೂಡ ನಟರಾಗಿದ್ದರು, ಬ್ಯಾಂಕ್ ಕೆಲಸದಲ್ಲಿದ್ದುಕೊಂಡೇ ನಾಟಕ, ಸಿನಿಮಾ ಮಾಡಿದವರು, 2020ರಲ್ಲಿ ತೀರಿಕೊಂಡರು. ಇನಿಷಿಯಲ್ ಒಂದೇ ಆದ್ದರಿಂದ ಅಣ್ಣತಮ್ಮಂದಿರ ಚಿತ್ರಪಟ್ಟಿ ಅಂತರ್ಜಾಲದಲ್ಲಿ ಕಲಸಿಹೋಗುವುದುಂಟು. ಹುಡುಕುವಾಗ ‘ದತ್ತಣ್ಣ’ ಅಂತಲೂ ‘ಎಚ್.ಜಿ. ದತ್ತಾತ್ರೇಯ’ ಅಂತಲೂ ಎರಡೂ ಹಾಕಿ ನೋಡಿ.